ಸ್ಕ್ಯಾನಿಂಗ್ ನಾರ್ಮಲ್, ಆದರೂ ಕಿಬ್ಬೊಟ್ಟೆ ನೋವು

ಪ್ರಶ್ನೆ: ನನಗೆ 29 ವರ್ಷ, ಒಂದು ಮಗು ಇದೆ. ಹತ್ತು ದಿನದಿಂದ ಕಿಬ್ಬೊಟ್ಟೆ ನೋವು, ಗಂಡನ ಜೊತೆ ಸೇರಿದಾಗ ಇನ್ನೂ ಜಾಸ್ತಿ. ಬಿಳಿಸೆರಗು ಹಳದಿಯಾಗಿ ವಾಸನೆ ಬರುತ್ತಿದೆ. ಮುಟ್ಟು ನಿಂತ ವಾರಕ್ಕೇ ಮತ್ತೆ ಸ್ವಲ್ಪ ರಕ್ತ ಕಾಣಿಸಿತು. ಮನೆಯಲ್ಲಿ ಉಷ್ಣ ಅಂದರು. ಎಳನೀರು, ಜೀರಿಗೆ ಕಷಾಯ ಆಯಿತು. ಮೂತ್ರದ ಸೋಂಕೆಂದು ಐದು ದಿನ ಮಾತ್ರೆಯನ್ನೂ ನುಂಗಿದೆ. ಸ್ಕ್ಯಾನಿಂಗ್ ನಾರ್ಮಲ್. ಎಂಟು ತಿಂಗಳ ಹಿಂದೆ ಹಾಕಿಸಿದ ಕಾಪರ್‌ ಟಿ ಕಾರಣವೇ?
— ಹೆಸರು ಬೇಡ, ಹಾಸನ

ಉತ್ತರ: ಉಷ್ಣಕ್ಕೆ ಬಿಳಿಸೆರಗು ಹಳದಿಯಾಗುವುದಿಲ್ಲ. ಬರಿಯ ಮೂತ್ರದ ಸೋಂಕಾಗಿದ್ದರೆ ಉರಿ ಇರುತ್ತಿತ್ತು, ಪದೇ ಪದೇ ಹೋಗಬೇಕೆನಿಸುತ್ತಿತ್ತು. ನಡುವೆ ರಕ್ತ ಕಾಣಿಸುತ್ತಿರಲಿಲ್ಲ. ನಿಮ್ಮ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಮೊದಲು ಅನುಮಾನಿಸಬೇಕಾದದ್ದು ಪಿಐಡಿಯನ್ನು (ಪೆಲ್ವಿಕ್ ಇನ್ಫ್ಲಮೇಟರಿ ಡಿಸೀಸ್). ಗರ್ಭಕೋಶದ ಬಾಯಿಯ ಸೋಂಕು ಮೇಲಕ್ಕೇರಿ ಗರ್ಭಕೋಶ, ಗರ್ಭನಾಳ, ಅಂಡಾಶಯಗಳಿಗೆ ಹಬ್ಬಿ ಬರುವ ಉರಿಯೂತವಿದು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯಾ, ಗೊನೋರಿಯಾ ಅಲ್ಲದೆ ಯೋನಿಯಲ್ಲೇ ಇರುವ ಬ್ಯಾಕ್ಟೀರಿಯಾಗಳಿಂದಲೂ ಬರುತ್ತದೆ.

ಸ್ಕ್ಯಾನಿಂಗ್ ನಾರ್ಮಲ್ ಅಂತ ಸುಮ್ಮನಾಗಬೇಡಿ. ನಾಳದಲ್ಲಿ ಕೀವು ತುಂಬಿದಾಗ, ಬಾವು ಕಟ್ಟಿದಾಗ ಅದು ಹಿಡಿದು ತೋರಿಸುತ್ತದೆ. ಆರಂಭದ ಉರಿಯೂತವನ್ನು ಬಹಳ ಸಲ ತೋರಿಸುವುದಿಲ್ಲ. ಪಿಐಡಿ ಗೊತ್ತಾಗುವುದು ಒಳಪರೀಕ್ಷೆಯಲ್ಲಿ. ವೈದ್ಯರು ಗ್ಲೌಸ್ ಹಾಕಿದ ಬೆರಳಿನಿಂದ ಗರ್ಭಕೋಶದ ಬಾಯಿಯನ್ನು ಮೆಲ್ಲಗೆ ಅಲುಗಿಸಿದಾಗ, ಅಥವಾ ಗರ್ಭಕೋಶವನ್ನೋ ಅದರ ಪಕ್ಕವನ್ನೋ ಒತ್ತಿದಾಗ ನೋವಾದರೆ ಚಿಕಿತ್ಸೆ ಶುರು ಮಾಡಲು ಅಷ್ಟು ಸಾಕು. ಸ್ವಾಬ್ ವರದಿಗಾಗಿ ಕಾಯುವಂತಿಲ್ಲ, ತಡವಾದಷ್ಟೂ ನಾಳಕ್ಕೆ ಪೆಟ್ಟು. ಸಂಕೋಚ ಬಿಟ್ಟು ಒಳಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಕಾಪರ್‌ ಟಿ ಇದ್ದರೂ ಗರ್ಭ ಪರೀಕ್ಷೆ ಮೊದಲು ಆಗಲೇಬೇಕು. ನಾಳದಲ್ಲಿ ನಿಂತ ಗರ್ಭಕ್ಕೂ ಇಂಥದ್ದೇ ನೋವಿರುತ್ತದೆ.

ಸಾಮಾನ್ಯವಾಗಿ ಕೊಡುವುದು ಒಂದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಜೊತೆಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಮತ್ತು ಮೆಟ್ರೊನಿಡಜೋಲ್, ಎರಡನ್ನೂ ದಿನಕ್ಕೆ ಎರಡು ಸಲ, 14 ದಿನ. ಇವನ್ನು ವೈದ್ಯರು ನೋಡಿಯೇ ಕೊಡಬೇಕು, ಅಂಗಡಿಯಲ್ಲಿ ಕೇಳಿ ತರುವಂಥವಲ್ಲ. ನಾಲ್ಕನೇ ದಿನ ನೋವು ಇಳಿಯಿತೆಂದು ಬಿಟ್ಟರೆ ಸೋಂಕು ಒಳಗೇ ಉಳಿಯುತ್ತದೆ. ಮುಂದೆ ಬಂಜೆತನ, ನಾಳದಲ್ಲಿ ಗರ್ಭ, ಬಿಡದ ನೋವು. ಡಾಕ್ಸಿಸೈಕ್ಲಿನ್ ಅನ್ನು ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಇಲ್ಲವಾದರೆ ಅನ್ನನಾಳ ಸುಡುತ್ತದೆ. ಮೆಟ್ರೊನಿಡಜೋಲ್‌ಗೆ ಬಾಯಿ ಕಹಿಯಾಗುವುದು ಸಹಜ.

ಕಾಪರ್‌ ಟಿ ಹಾಕಿದ ಮೊದಲ ಮೂರು ವಾರ ಮಾತ್ರ ಈ ಅಪಾಯ ಸ್ವಲ್ಪ ಹೆಚ್ಚು. ಎಂಟು ತಿಂಗಳ ಮೇಲೆ ಅದನ್ನು ದೂರಬೇಕಿಲ್ಲ, ತಕ್ಷಣ ತೆಗೆಸಬೇಕೆಂದೂ ಇಲ್ಲ. ಔಷಧಿ ಶುರುವಾಗಿ 72 ಗಂಟೆಯಾದರೂ ನೋವು ಇಳಿಯದಿದ್ದರೆ ಮತ್ತೆ ತೋರಿಸಿ. ತೆಗೆಯುವ ಮಾತು ಆಗ. ಜ್ವರ 38.3 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮಾತ್ರೆ ವಾಂತಿಯಾದರೆ, ಒಂದೇ ಪಕ್ಕ ಜೋರು ನೋವು ಬಂದು ತಲೆ ಸುತ್ತಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಇಂಥ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಔಷಧಿ ಉಚಿತ. ವಿಷಯ ಹೊರಗೆ ಹೋಗುವುದಿಲ್ಲ.

ಪ್ರಶ್ನೆ: ಹೆಂಡತಿಗೆ ಪಿಐಡಿ ಎಂದು ನನಗೂ ಮಾತ್ರೆ ಬರೆದಿದ್ದಾರೆ. ನನಗೆ ಯಾವ ತೊಂದರೆಯೂ ಇಲ್ಲ, ಯಾಕೆ ನುಂಗಬೇಕು?
— ಓದುಗ, ಶಿರಸಿ

ಉತ್ತರ: ಗಂಡಸರಲ್ಲಿ ಕ್ಲಮಿಡಿಯಾ ಎಷ್ಟೋ ಸಲ ಸದ್ದಿಲ್ಲದೆ ಇರುತ್ತದೆ. ನೀವು ನುಂಗದಿದ್ದರೆ ಗುಣವಾದ ಅವರಿಗೆ ಸೋಂಕು ನಿಮ್ಮಿಂದಲೇ ಮರಳುತ್ತದೆ. ಇದರಿಂದ ಯಾರ ನಡತೆಯನ್ನೂ ಅಳೆಯಬೇಡಿ. ಸೋಂಕು ಬಹಳ ಹಳೆಯದಿರಬಹುದು, ಲೈಂಗಿಕ ಸೋಂಕು ಅಲ್ಲದೆಯೂ ಇರಬಹುದು. ಇಬ್ಬರ ಕೋರ್ಸೂ ಮುಗಿದು ಅವರ ನೋವು ಪೂರ್ತಿ ಹೋಗುವವರೆಗೆ ಕೂಡಬೇಡಿ. ಪರೀಕ್ಷೆಯಲ್ಲಿ ಕ್ಲಮಿಡಿಯಾ ಅಥವಾ ಗೊನೋರಿಯಾ ಸಿಕ್ಕಿದ್ದರೆ ಮೂರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.