ಕಿಮ್ ಸು-ಯಂಗ್ ಪ್ರಶಸ್ತಿ ಬಗ್ಗೆ ಕೇಳಿದ್ರಲ್ಲ

ದಕ್ಷಿಣ ಕೊರಿಯಾದ ಕವಯಿತ್ರಿ ಕಿಮ್ ಹೈಸೂನ್‌ಗೆ ಕೆನಡಾದ ಗ್ರಿಫಿನ್ ಕಾವ್ಯ ಪ್ರಶಸ್ತಿ ಸಿಕ್ಕಿದ್ದು ಗೊತ್ತು, ಕೊರಿಯಾದಲ್ಲೇ ಕವಿತೆಗೆ ಕೊಡೋ ಕಿಮ್ ಸು-ಯಂಗ್ ಪ್ರಶಸ್ತಿನೂ ಬಂದಿತ್ತಾ, ಅದನ್ನ ಪಡೆದವರಲ್ಲಿ ಇನ್ನ್ಯಾರನ್ನ ಓದ್ಬೇಕು ಅಂತ ಕೇಳಿದೀರ. ಹೌದು ಸರ್, ಬಂದಿತ್ತು, 1997ರಲ್ಲಿ, ಅದೂ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. 1981ರಲ್ಲಿ ಶುರುವಾದ ಪ್ರಶಸ್ತಿಗೆ ಹೆಣ್ಣುಮಕ್ಕಳು ಕಾಣೋಕೆ ಅಷ್ಟು ವರ್ಷ ಬೇಕಾಯ್ತು ನೋಡಿ!

ಪ್ರಶಸ್ತಿ ಕೊಡೋದು ಮಿನುಮ್‌ಸಾ ಪ್ರಕಾಶನದವರು, 1968ರಲ್ಲಿ ಬಸ್ ಡಿಕ್ಕಿ ಹೊಡೆದು ತೀರಿಕೊಂಡ ಕವಿ ಕಿಮ್ ಸು-ಯಂಗ್ ಹೆಸರಲ್ಲಿ. ಮೊದಲನೇದು ಜಂಗ್ ಹೀ-ಸಂಗ್‌ಗೆ ಹೋಯ್ತು. ನನ್ನ ಪ್ರಕಾರ ಮಜಾ ಇರೋದು 80ರ ದಶಕದಲ್ಲೇ, ಆಗ ಅಲ್ಲಿ ಮಿಲಿಟರಿ ಆಡಳಿತ ಬೇರೆ. 1983ರ ವಿಜೇತ ಹ್ವಾಂಗ್ ಜಿ-ವೂ ಅವರದೊಂದು ಕವಿತೆ ಇದೆ, ಸಿನಿಮಾ ಶುರುವಾಗೋ ಮುಂಚೆ ಥಿಯೇಟರ್‌ನಲ್ಲಿ ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ತಾರೆ, ಪರದೆ ಮೇಲೆ ಹಕ್ಕಿಗಳು ಸಾಲುಸಾಲಾಗಿ ಹಾರಿ ಈ ಲೋಕನೇ ಬಿಟ್ಟು ಹೋಗ್ತವೆ, ನಾವೂ ಹಂಗೇ ಹೋಗ್ಬಿಡೋಣ ಅನ್ನೋ ಹೊತ್ತಿಗೆ ಗೀತೆ ಮುಗಿದು ಎಲ್ಲರೂ ತೆಪ್ಪಗೆ ಸೀಟಲ್ಲಿ ಕೂತ್ಕೋತಾರೆ, ಅಷ್ಟೇ. ಒಂದು ಘೋಷಣೆ ಇಲ್ಲ, ಆದ್ರೂ ಎದೆಗೆ ಒದ್ದಂಗಾಗುತ್ತೆ. 1987ರಲ್ಲಿ ಜಾಂಗ್ ಜಂಗ್-ಇಲ್, ಇನ್ನೂ ಇಪ್ಪತ್ತರ ಹರೆಯದ ಹುಡುಗ, ಹ್ಯಾಂಬರ್ಗರ್ ಮಾಡೋ ರೆಸಿಪಿನೇ ಕವಿತೆ ಮಾಡಿ ಗೆದ್ದ.

2006ರಿಂದ ರೂಲ್ಸ್ ಬದಲಾಯ್ತು, ಅಚ್ಚಾದ ಸಂಕಲನದ ಬದಲು ಅಪ್ರಕಟಿತ ಹಸ್ತಪ್ರತಿಗೆ ಕೊಡೋಕೆ ಶುರು ಮಾಡಿದ್ರು, ಹಾಗಾಗಿ ಆಮೇಲಿನ ಹೆಸರುಗಳು ಹೆಚ್ಚಾಗಿ ಹೊಸಬರದು. 2012ರ ಹ್ವಾಂಗ್ ಇನ್-ಚಾನ್, 2017ರ ಮೂನ್ ಬೋ-ಯಂಗ್ ಹುಡುಕಿ ನೋಡಿ. ಕಿಮ್ ಹೈಸೂನ್ ಓದೋದಾದ್ರೆ ಡಾನ್ ಮೀ ಚೋಯ್ ಮಾಡಿರೋ ಇಂಗ್ಲಿಷ್ ಅನುವಾದನೇ ತಗೊಳ್ಳಿ, ಗ್ರಿಫಿನ್ ಬಂದಿದ್ದು ಅದಕ್ಕೇ.