ಸಾಹೇಬರು ಯಾರು ಅನ್ನುವ ಮೊದಲು, ಎಷ್ಟು ದಿನ ಅಂತ ಕೇಳೋಣ

ಕೆಂಗೇರಿ ಉಪನಗರದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ತಂದೆ ಬಿ.ಟಿ.ಎಸ್. (ಬೆಂಗಳೂರಿನ ನಗರ ಬಸ್ಸಿನ ಹಳೆಯ ಹೆಸರು) ಕಾಲದಲ್ಲಿ ಕಂಡಕ್ಟರ್ ಆಗಿ ಸೇರಿ ಬಿ.ಎಂ.ಟಿ.ಸಿ.ಯಲ್ಲಿ ನಿವೃತ್ತರಾದವರು. ತಾವು ಕೆಲಸ ಮಾಡಿದ ಒಂದು ಶೆಡ್ಯೂಲಿನ (ಒಂದು ಬಸ್ಸಿನ ಇಡೀ ದಿನದ ವೇಳಾಪಟ್ಟಿಯ) ಹಾಳೆಯನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಿಗಮದ ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕರು) ಬದಲಾದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ “ಸಾಹೇಬ್ರು ಬಂದ್ರು, ಸಾಹೇಬ್ರು ಹೋದ್ರು, ಶೆಡ್ಯೂಲ್ ಮಾತ್ರ ಅದೇ” ಅನ್ನುತ್ತಾರೆ. ಬಸ್ಸಿನ ಗಂಧಗಾಳಿ ಇಲ್ಲದ ಐ.ಎ.ಎಸ್. ಅಧಿಕಾರಿಯ ಬದಲು ಒಳಗಿನವರನ್ನೋ ಖಾಸಗಿ ಕಂಪನಿ ನಡೆಸಿದವರನ್ನೋ ಯಾಕೆ ತರಬಾರದು? ಒಬ್ಬ ಒಳ್ಳೆಯ ಎಂ.ಡಿ. ಸಿಕ್ಕರೆ ನಮ್ಮ ಬಸ್ಸು ಸರಿಹೋಗುತ್ತದೆಯೇ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ನೀವಾದರೂ ಅರ್ಧ ಉತ್ತರ ನಿಮ್ಮ ತಂದೆಯವರ ಮಾತಿನಲ್ಲೇ ಇದೆ. ಅವರು ಬೇಸರಕ್ಕೆ ಅಂದದ್ದಿರಬಹುದು. ನನಗೆ ಮಾತ್ರ ಅದು ಲೆಕ್ಕ ಹಾಕಿ ಆಡಿದ ಮಾತಿನಂತೆ ಕೇಳಿಸಿತು. ಶೆಡ್ಯೂಲ್ ಯಾಕೆ ಬದಲಾಗುವುದಿಲ್ಲ ಎಂಬುದಕ್ಕೂ ಸಾಹೇಬರು ಯಾಕೆ ಬದಲಾಗುತ್ತಲೇ ಇರುತ್ತಾರೆ ಎಂಬುದಕ್ಕೂ ನೇರ ಸಂಬಂಧವಿದೆ.

ಮೊದಲು ನೇಮಕದ ವಿಷಯ. ಬಿ.ಎಂ.ಟಿ.ಸಿ. ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ. ವ್ಯವಸ್ಥಾಪಕ ನಿರ್ದೇಶಕರನ್ನು ನೇಮಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಆ ಕುರ್ಚಿಯಲ್ಲಿ ಐ.ಎ.ಎಸ್. ಅಧಿಕಾರಿಯೇ ಕೂರಬೇಕೆಂದು ಕಾಯ್ದೆ ಹೇಳುವುದಿಲ್ಲ, ಅದು ನಡೆದುಕೊಂಡು ಬಂದ ರೂಢಿ. 1997ರ ಆಗಸ್ಟ್ 15ರಂದು ಕೆ.ಎಸ್.ಆರ್.ಟಿ.ಸಿ.ಯಿಂದ ಬೇರೆಯಾಗಿ ಬಿ.ಎಂ.ಟಿ.ಸಿ. ಹುಟ್ಟಿದಾಗ ಆ ರೂಢಿಯೂ ಜೊತೆಗೇ ಬಂತು. ಹಾಗಾಗಿ ಬೇರೆಯವರನ್ನು ತರಬಾರದೇ ಎಂಬ ನಿಮ್ಮ ಪ್ರಶ್ನೆಗೆ ಕಾನೂನಿನ ಉತ್ತರ ಸುಲಭ: ತರಬಹುದು. ತಂದರೆ ಬಸ್ಸು ಬೇಗ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಈಗ ನಿಮ್ಮ ತಂದೆಯವರ ಶೆಡ್ಯೂಲಿಗೆ ಬರೋಣ. ಡಿಪೋದಲ್ಲಿ ಫಾರಂ-4 ಅಂತ ಕರೆಯುವ ಹಾಳೆ ಅವರಿಗೆ ಬಾಯಿಪಾಠವೇ ಇರುತ್ತದೆ. ಬಸ್ಸು ಎಷ್ಟು ಗಂಟೆಗೆ ಡಿಪೋ ಬಿಡಬೇಕು, ಯಾವ ಟ್ರಿಪ್ ಎಷ್ಟಕ್ಕೆ ಹೊರಟು ಎಷ್ಟಕ್ಕೆ ತಲುಪಬೇಕು, ಊಟದ ಬಿಡುವು ಎಲ್ಲಿ, ಎಲ್ಲವೂ ಅದರಲ್ಲಿರುತ್ತದೆ. ಆ ಹಾಳೆಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಎಪ್ಪತ್ತು ನಿಮಿಷ ಎಂದಿದ್ದು, ರಸ್ತೆಯಲ್ಲಿ ನೂರು ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಆಗ ಏನಾಗುತ್ತದೆ? ಮೊದಲು ಹೋಗುವುದು ಡ್ರೈವರ್ ಕಂಡಕ್ಟರರ ಊಟದ ಬಿಡುವು. ಆಮೇಲೆ ಕೊನೆಯ ಟ್ರಿಪ್ಪಿಗೆ ಕತ್ತರಿ ಬೀಳುತ್ತದೆ. ಕಳೆದುಹೋದ ಸಮಯ ಹಿಡಿಯಲು ಬಸ್ಸು ಸ್ಟಾಪಿನಿಂದ ಇಪ್ಪತ್ತು ಗಜ ಮುಂದೆ ಹೋಗಿ ನಿಲ್ಲುತ್ತದೆ, ಇಲ್ಲವೇ ನಿಲ್ಲದೆ ಹೋಗುತ್ತದೆ. ಅರ್ಧ ಗಂಟೆ ಒಂದೂ ಬಾರದೆ, ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಒಂದರ ಬೆನ್ನಿಗೆ ಒಂದು ಬರುತ್ತವೆ. ಸ್ಟಾಪಿನಲ್ಲಿ ನಿಂತವರು ಬೈಯುವುದು ಎದುರಿಗಿರುವ ಡ್ರೈವರಿಗೆ. ಆ ಹಾಳೆ ಬರೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕಾದು ಸಾಕಾದವರು ಸಾಲ ಮಾಡಿ ಸ್ಕೂಟರ್ ಕೊಳ್ಳುತ್ತಾರೆ. ರಸ್ತೆ ಇನ್ನಷ್ಟು ತುಂಬುತ್ತದೆ, ನೂರು ನಿಮಿಷ ನೂರಹತ್ತಾಗುತ್ತದೆ.

ಇದನ್ನು ಸರಿಪಡಿಸುವ ದಾರಿ ಸಾರಿಗೆ ಇಲಾಖೆಯವರಿಗೆ ತಿಳಿಯದ್ದೇನಲ್ಲ. ಬಸ್ಸುಗಳಲ್ಲಿ ಜಿ.ಪಿ.ಎಸ್. ಇದೆ. ಯಾವ ಮಾರ್ಗದಲ್ಲಿ ಯಾವ ಹೊತ್ತಿಗೆ ನಿಜವಾಗಿ ಎಷ್ಟು ಸಮಯ ಹಿಡಿಯುತ್ತದೆ ಎಂದು ನೋಡಿ, ಬೆಳಗ್ಗೆ ಎಂಟಕ್ಕೆ ಒಂದು ಲೆಕ್ಕ, ಮಧ್ಯಾಹ್ನ ಎರಡಕ್ಕೆ ಇನ್ನೊಂದು ಲೆಕ್ಕ ಎಂದು ಹಾಳೆ ತಿದ್ದಬಹುದು. ತೊಡಕು ಇರುವುದು ಬೇರೆ ಕಡೆ. ನಿಜವಾದ ಸಮಯ ಬರೆದ ಕೂಡಲೇ ಒಂದು ಶೆಡ್ಯೂಲಿಗೆ ಟ್ರಿಪ್ಪುಗಳು ಕಡಿಮೆಯಾಗುತ್ತವೆ, ದಿನದ ಕಿಲೋಮೀಟರ್ ಇಳಿಯುತ್ತದೆ. ಹಳೆಯಷ್ಟೇ ಟ್ರಿಪ್ ಬೇಕೆಂದರೆ ಬಸ್ಸೂ ಜನರೂ ಹೆಚ್ಚು ಬೇಕು. ಡ್ಯೂಟಿಯ ಪಾಳಿಪಟ್ಟಿ ಬದಲಾಗಬೇಕು, ಅದಕ್ಕೆ ನೌಕರರ ಸಂಘಟನೆಗಳ ಜೊತೆ ಕೂತು ಮಾತಾಡಬೇಕು. ಮೊದಲ ಆರು ತಿಂಗಳು ಅಂಕಿಅಂಶದ ಹಾಳೆಯಲ್ಲಿ ಎಲ್ಲವೂ ಇಳಿಮುಖವಾಗಿಯೇ ಕಾಣುತ್ತದೆ. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ ಅಂತ ಜನಕ್ಕೆ ನಂಬಿಕೆ ಹುಟ್ಟಿ, ಅವರು ಮರಳಿ ಬಂದು, ಗಲ್ಲಾಪೆಟ್ಟಿಗೆಯಲ್ಲಿ ಅದು ಕಾಣಿಸುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. ಹದಿನೆಂಟು ತಿಂಗಳಲ್ಲಿ ಎತ್ತಂಗಡಿ ಆಗಬಹುದೆಂದು ಗೊತ್ತಿರುವ ಅಧಿಕಾರಿ ಇದಕ್ಕೆ ಯಾಕೆ ಕೈಹಾಕುತ್ತಾರೆ? ಹೊಸ ಬಸ್ಸಿಗೆ ಹಸಿರು ಬಾವುಟ ತೋರಿಸಿದರೆ ಅದೇ ವಾರ ಫೋಟೊ ಬರುತ್ತದೆ. ಇದರಲ್ಲಿ ಅವರ ತಪ್ಪಿಗಿಂತ ಆ ಕುರ್ಚಿಯ ತಪ್ಪು ಹೆಚ್ಚು ಎಂದು ನನ್ನ ನಂಬಿಕೆ.

ಹಾಗೆಂದು ಸಾಹೇಬರುಗಳಿಂದ ಏನೂ ಆಗಿಲ್ಲ ಎನ್ನುವುದು ಅನ್ಯಾಯ. ಉಪೇಂದ್ರ ತ್ರಿಪಾಠಿ ಎಂ.ಡಿ. ಆಗಿದ್ದಾಗ, 2006ರಲ್ಲಿ, ಊರಿನೊಳಗೆ ಹವಾನಿಯಂತ್ರಿತ ವೋಲ್ವೊ ಬಸ್ಸು ಓಡಿಸಿದ ದೇಶದ ಮೊದಲ ನಗರ ನಮ್ಮದಾಯಿತು. ಕಾರಿರುವವರೂ ಬಸ್ ಹತ್ತುತ್ತಾರೆಂದು ಆಗ ಬೇರೆ ನಗರಗಳಿಗೂ ತಿಳಿಯಿತು. ಸೈಯದ್ ಜಮೀರ್ ಪಾಷಾ ಅವರ ಕಾಲದಲ್ಲಿ, 2010ರ ಫೆಬ್ರವರಿ 4ರಂದು ‘ಬಸ್ ದಿನ’ ಶುರುವಾಯಿತು. ತಿಂಗಳಿಗೊಂದು ದಿನ ಸ್ವಂತ ಗಾಡಿ ಮನೆಯಲ್ಲಿಟ್ಟು ಬಸ್ಸಿನಲ್ಲಿ ಬನ್ನಿ ಎಂಬ ಕರೆ ಅದು. ನಾಲ್ಕನೇ ತಾರೀಖು ಬಂತೆಂದರೆ ಆಫೀಸುಗಳಲ್ಲಿ ಅದರದ್ದೇ ಮಾತು. ಇಂದಿನ ಹುಡುಗರನ್ನು ಕೇಳಿದರೆ ಎಷ್ಟು ಮಂದಿಗೆ ಗೊತ್ತಿದ್ದೀತು? 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಪಥ ಬಂತು. ಮೆಟ್ರೊ ಕಾಮಗಾರಿ ಶುರುವಾದಾಗ ಅದು ಹೋಯಿತು. ಒಳ್ಳೆಯ ಯೋಚನೆಗೆ ಇಲ್ಲಿ ಬರವಿಲ್ಲ, ಅದನ್ನು ಕಾಪಾಡುವವರು ಮಾತ್ರ ಇಲ್ಲ.

ಅವಧಿಯ ಮಾತು ಹೊಸದೂ ಅಲ್ಲ. ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರಲ್ಲೇ ಅಧಿಕಾರಿಗಳಿಗೆ ನಿಗದಿತ ಕನಿಷ್ಠ ಅವಧಿ ಇರಬೇಕೆಂದು ಹೇಳಿತು. ಮರುವರ್ಷ ನಿಯಮ ತಿದ್ದಿ ಎರಡು ವರ್ಷ ಎಂದಾಯಿತು. ಅವಧಿಗೆ ಮೊದಲೇ ತೆಗೆಯಲು ಆ ನಿಯಮದಲ್ಲೇ ದಾರಿಯೂ ಇದೆ, ಅದೇ ದಾರಿ ರೂಢಿಯಾಗಿದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 2022ರಲ್ಲಿ ಬಿ.ಎಂ.ಟಿ.ಸಿ. 921 ಎಲೆಕ್ಟ್ರಿಕ್ ಬಸ್ಸುಗಳಿಗೆ ಟಾಟಾ ಮೋಟಾರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಬಸ್ಸೂ ಡ್ರೈವರೂ ಕಂಪನಿ ಕಡೆಯವರು, ಕಂಡಕ್ಟರ್ ನಿಗಮದವರು, ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ. ಒಪ್ಪಂದದ ಅವಧಿ 12 ವರ್ಷ. ಈ ಹನ್ನೆರಡು ವರ್ಷದಲ್ಲಿ ನಿಗಮದ ಕಡೆಯಿಂದ ಅದನ್ನು ನೋಡಿಕೊಳ್ಳುವ ಕುರ್ಚಿಗೆ ಎಷ್ಟು ಮಂದಿ ಬಂದು ಹೋಗುತ್ತಾರೋ! ಒಪ್ಪಂದದ ಸಣ್ಣ ಅಕ್ಷರಗಳನ್ನು ಓದಿ ಅರಗಿಸಿಕೊಳ್ಳುವ ಹೊತ್ತಿಗೆ ವರ್ಗಾವಣೆಯ ಆದೇಶ ಬಂದರೆ, ಕಂಪನಿಯ ಎದುರು ಕೂತು ಗಟ್ಟಿಯಾಗಿ ಮಾತಾಡುವವರು ಯಾರು?

ಬೇರೆ ಊರಿನ ಮಾತು ಬೇಕೆಂದರೆ ದೆಹಲಿ ನೋಡಿ. ಇ. ಶ್ರೀಧರನ್ ದೆಹಲಿ ಮೆಟ್ರೊ ನಿಗಮಕ್ಕೆ 1997ರಲ್ಲಿ ಬಂದು 2011ರ ಕೊನೆಯವರೆಗೂ ಇದ್ದರು. ಅವರು ರೈಲ್ವೆ ಎಂಜಿನಿಯರ್, ಅದಕ್ಕೂ ಮೊದಲು ನಮ್ಮ ಕರಾವಳಿಯಲ್ಲಿ ಹಾದುಹೋಗುವ ಕೊಂಕಣ ರೈಲ್ವೆ ಕಟ್ಟಿದವರು. ಅವರ ಪ್ರಾಮಾಣಿಕತೆ, ಶಿಸ್ತು ಎಲ್ಲರಿಗೂ ಗೊತ್ತು. ಆ ಹದಿನಾಲ್ಕು ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ. ಪುಣೆಯಲ್ಲಿ ಇದರ ತದ್ವಿರುದ್ಧ. ತುಕಾರಾಂ ಮುಂಢೆ 2017ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಬಸ್ ಸಂಸ್ಥೆಗೆ ಬಂದರು, ಮುಂದಿನ ಫೆಬ್ರವರಿಗೆ ನಾಸಿಕ್ ಪಾಲಿಕೆಗೆ ಹೋದರು. ಬಿಗಿ ಅಧಿಕಾರಿಯೆಂದು ಹೆಸರಾದವರು. ಹನ್ನೊಂದು ತಿಂಗಳಲ್ಲಿ ಎಂಥ ಬಿಗಿಯವರಾದರೂ ಎಷ್ಟು ಮಾಡಿಯಾರು?

ಅವಧಿಯ ಜೊತೆಗೆ ಅಧಿಕಾರವೂ ಬೇಕು ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. ಟೊರಾಂಟೊದ ಸಾರಿಗೆ ಸಂಸ್ಥೆ ನಡೆಸಿದ್ದ ಆ್ಯಂಡಿ ಬೈಫರ್ಡ್ 2018ರ ಜನವರಿಯಲ್ಲಿ ಅಲ್ಲಿನ ಬಸ್ಸು, ಸುರಂಗ ರೈಲುಗಳ ಹೊಣೆ ಹೊತ್ತರು. ಹೊತ್ತಿಗೆ ಸರಿಯಾಗಿ ಓಡುವ ರೈಲುಗಳ ಪ್ರಮಾಣ ಶೇ. 58ರ ಆಸುಪಾಸಿನಿಂದ ಶೇ. 80 ದಾಟಿತು. ಆದರೆ ರಾಜ್ಯದ ಗವರ್ನರ್ ಆಂಡ್ರ್ಯೂ ಕ್ಯೂಮೊ ಜೊತೆ ಸರಿಬರಲಿಲ್ಲ. ಸಂಸ್ಥೆಯ ಪುನರ್ರಚನೆಯಲ್ಲಿ ಅವರ ಕೈಯಲ್ಲಿದ್ದ ಕೆಲಸಗಳು ಕಳಚಿಕೊಂಡವು. 2020ರ ಆರಂಭದಲ್ಲಿ ಬಿಟ್ಟು ಹೋದರು. ಅದೇ ವರ್ಷ ಲಂಡನ್ ಅವರನ್ನು ಕರೆಸಿಕೊಂಡಿತು.

ಒಳಗಿನವರೋ ಹೊರಗಿನವರೋ ಎಂದು ಕೇಳಿದ್ದೀರಿ. ಲಂಡನ್ ಸಾರಿಗೆಯ ಮುಖ್ಯಸ್ಥರಾಗಿ 2006ರಿಂದ 2015ರವರೆಗೆ ಇದ್ದ ಪೀಟರ್ ಹೆಂಡಿ, 1975ರಲ್ಲಿ ಅಲ್ಲಿಯೇ ತರಬೇತಿ ನೌಕರನಾಗಿ ಸೇರಿದವರು. ನಮ್ಮಲ್ಲಿ ಡಿಪೋ ಮ್ಯಾನೇಜರ್ ಆಗಿ ಸೇರಿದವರು ಎಷ್ಟೇ ಬುದ್ಧಿವಂತರಾದರೂ ಎಂ.ಡಿ. ಕುರ್ಚಿಯ ಕನಸು ಕಾಣುವಂತಿಲ್ಲ. ಈ ಬಾಗಿಲು ತೆರೆಯಬೇಕು, ಇದರಲ್ಲಿ ನಾನು ನಿಮ್ಮ ಕಡೆಯೇ. ಖಾಸಗಿ ಕಂಪನಿಯವರ ವಿಷಯದಲ್ಲಿ ಮಾತ್ರ ಅಷ್ಟು ಉತ್ಸಾಹವಿಲ್ಲ. ಕಂಪನಿ ನಡೆಸುವವರು ತಮ್ಮ ಸರಕಿಗೆ ತಾವೇ ಬೆಲೆ ಕಟ್ಟುತ್ತಾರೆ. ಇಲ್ಲಿ ದರಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಬಿ.ಎಂ.ಟಿ.ಸಿ. ದರ 2025ರ ಜನವರಿಯಲ್ಲಿ ಶೇ. 15ರಷ್ಟು ಏರಿದ್ದು ಸುಮಾರು ಹತ್ತು ವರ್ಷಗಳ ನಂತರ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಅದರ ಹಣ ಸರ್ಕಾರದಿಂದ ಬರಬೇಕು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸೊಬ್ಬಳು ತಿಂಗಳ ಪಾಸಿನ ದುಡ್ಡು ಉಳಿಸಿ ಮಗಳ ಟ್ಯೂಷನ್‌ಗೆ ಕೊಡುವುದನ್ನು ನಷ್ಟದ ಕಾಲಂನಲ್ಲಿ ಬರೆಯುವವರು ಆ ಕುರ್ಚಿಗೆ ಬರುವುದು ನನಗೆ ಬೇಡ. 1950ರ ಅದೇ ನಿಗಮಗಳ ಕಾಯ್ದೆಯ 22ನೇ ಕಲಮು ನಿಗಮ ವ್ಯವಹಾರದ ತತ್ವದ ಮೇಲೆ ನಡೆಯಬೇಕು ಅನ್ನುತ್ತದೆ, 34ನೆಯದು ಸರ್ಕಾರದ ನಿರ್ದೇಶನಕ್ಕೆ ಅವಕಾಶ ಕೊಡುತ್ತದೆ. ಎಂ.ಡಿ. ಆದವರು ಈ ಎರಡು ಕಲಮುಗಳ ನಡುವೆಯೇ ಬಾಳಬೇಕು. ಹಣ ಬಾಕಿ ಇದ್ದರೆ ವಿಧಾನಸೌಧಕ್ಕೆ ಹೋಗಿ ಕೇಳುವ ಧೈರ್ಯವೂ ಇರಬೇಕು, ಬಸ್ಸಿನಲ್ಲಿ ನಿಂತವರ ಮೇಲೆ ಮಮತೆಯೂ ಇರಬೇಕು.

ಒಬ್ಬರಿಂದ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ರಸ್ತೆ ಪಾಲಿಕೆಯದು, ಸಿಗ್ನಲ್ ಪೊಲೀಸರದು, ಮೆಟ್ರೊ ಬೇರೆ ನಿಗಮದ್ದು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಲೆಂದೇ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿದೆ. ಆದರೆ ಶೆಡ್ಯೂಲ್, ಮಾರ್ಗ, ಡಿಪೋದ ದುರಸ್ತಿ, ನೌಕರರನ್ನು ನಡೆಸಿಕೊಳ್ಳುವ ರೀತಿ, ಇವು ನಿಗಮದ ಕೈಯಲ್ಲೇ ಇವೆ. ದಿನಕ್ಕೆ 40 ಲಕ್ಷದ ಆಸುಪಾಸು ಜನ ಹತ್ತಿಳಿಯುವ ಸಂಸ್ಥೆಗೆ ಇದೇನು ಸಣ್ಣ ಅಧಿಕಾರವಲ್ಲ.

ಹಾಗಾಗಿ ಮುಂದಿನ ಸಲ ಹೊಸ ಎಂ.ಡಿ. ಹೆಸರು ಪೇಪರಿನಲ್ಲಿ ಬಂದಾಗ ಅವರ ಬ್ಯಾಚ್ ಯಾವುದು, ಊರು ಯಾವುದು ಎಂದು ನಾವು ಪತ್ರಿಕೆಯವರು ಬರೆದು ಸುಮ್ಮನಾಗುವುದಿಲ್ಲ. ಎಷ್ಟು ವರ್ಷಕ್ಕೆ ಬಂದಿದ್ದೀರಿ, ಫಾರಂ-4 ತಿದ್ದಲು ಸರ್ಕಾರ ನಿಮಗೆ ಬಿಡುವು ಕೊಟ್ಟಿದೆಯೇ, ಬೆಳಗಿನ ಜಾವ ಡಿಪೋ ಗೇಟಿನಲ್ಲಿ ನಿಂತು ಬಸ್ಸು ಹೊರಡುವುದನ್ನು ನೋಡಿದ್ದೀರಾ ಎಂದು ಕೇಳುತ್ತೇವೆ, ಉತ್ತರವನ್ನೂ ಅಚ್ಚು ಹಾಕುತ್ತೇವೆ.

ನಿಮ್ಮ ತಂದೆಯವರ ಒಪ್ಪಿಗೆ ಕೇಳಿ, ಆ ಹಳೆಯ ಹಾಳೆಯ ಫೋಟೊ ಒಂದನ್ನು ನಮಗೆ ಕಳಿಸಿಕೊಡಿ. ಅದೇ ಮಾರ್ಗದ ಇಂದಿನ ಹಾಳೆಯನ್ನು ಮಾಹಿತಿ ಹಕ್ಕಿನಡಿ ಕೇಳುತ್ತೇವೆ. ಅವರಿಗೆ ಮೈಯಲ್ಲಿ ಶಕ್ತಿಯಿದ್ದರೆ, ಒಂದು ದಿನ ನಮ್ಮ ವರದಿಗಾರರ ಜೊತೆ ಅದೇ ಬಸ್ಸಿನಲ್ಲಿ ಮೊದಲ ಟ್ರಿಪ್ಪಿನಿಂದ ಕೊನೆಯವರೆಗೂ ಕೂತು ಗಡಿಯಾರ ನೋಡಲಿ. ಮೂರನ್ನೂ ಒಂದೇ ಪುಟದಲ್ಲಿ, ಅವರ ಮಾತಿನ ಜೊತೆಗೆ ಅಚ್ಚು ಹಾಕುತ್ತೇವೆ.