‘ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ’ ಎಂದು ಬರೆದವರಿಗೆ

ಪ್ರಿಯ ಲೇಖಕರೇ,

ಕಡಲಕಳೆಗಳು ತಮ್ಮನ್ನು ಮೇಯುವ ಪ್ರಾಣಿಗಳನ್ನು ರಾಸಾಯನಿಕಗಳಿಂದ ದೂರವಿಡುವ ಬಗೆಯ ಕುರಿತ ನಿಮ್ಮ ‘ಕಡಲಕಳೆಗಳ ವಿಷಾಸ್ತ್ರ’ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೂ ಈಗಿರುವಂತೆ ಪ್ರಕಟಿಸಲಾರೆ. ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಮುಗಿಸಬಹುದಿತ್ತು. ಓದುತ್ತಾ ಸಿಟ್ಟು ಬಂದದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲೇ ಹೀಗಿದೆ: “ಡಿಕ್ಟಿಯೋಟಾ ಎಂಬ ಕಂದು ಕಳೆ ವಿಷಕಾರಿಯಾದ್ದರಿಂದ ಯಾವ ಪ್ರಾಣಿಯೂ ಅದನ್ನು ಮುಟ್ಟುವುದಿಲ್ಲ.” ಯಾವ ಪ್ರಾಣಿಯೂ? ಅದರಲ್ಲಿರುವ ಡಿಕ್ಟಿಯಾಲ್ ಎಂಬ ರಾಸಾಯನಿಕಗಳಿಗೆ ಮುಖ ತಿರುಗಿಸುವುದು ಮೀನುಗಳು ಮತ್ತು ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳು. ಸಿಗಡಿಯ ದೂರದ ನೆಂಟ ಆಂಪಿಥೋ ಲಾಂಗಿಮಾನಾ ಅದೇ ಕಳೆಯ ಮೇಲೆ ವಾಸವಿದ್ದು ಅದನ್ನೇ ಮೇಯುತ್ತದೆ. ಮೀನು ಬಾಯಿ ಹಾಕದ ಕಡೆ ಈ ಪುಟ್ಟ ಜೀವಿಗೆ ಊಟದ ಜೊತೆಗೆ ರಕ್ಷಣೆಯೂ ಸಿಗುತ್ತದೆ. ಲಿಬಿನಿಯಾ ಡುಬಿಯಾ ಏಡಿಯ ಮರಿಗಳಂತೂ ಇದನ್ನು ಬೆನ್ನಿಗೆ ಹೊದ್ದುಕೊಳ್ಳಲು ಆರಿಸಿಕೊಳ್ಳುತ್ತವೆ. ಮೀನನ್ನು ಓಡಿಸುವ ರಾಸಾಯನಿಕವೇ ಅವಕ್ಕೆ ಕಳೆಯ ಗುರುತು. ಬರೆಯಬೇಕಾದ ಕಥೆ ಇದು. ನೀವು ಅದರ ಬಾಗಿಲನ್ನೇ ಮುಚ್ಚಿಬಿಟ್ಟಿದ್ದೀರಿ.

ಮುಂದಿನ ಸಾಲು: “ಶತ್ರು ಬಂದೊಡನೆ ಕಳೆಗಳು ವಿಷ ತಯಾರಿಸುತ್ತವೆ.” ಎಲ್ಲ ಕಳೆಗಳೂ, ಒಂದೇ ರೀತಿಯಲ್ಲಿ? ಡಿಕ್ಟಿಯೋಟಾ ತನ್ನ ಸರಕನ್ನು ಸದಾ ಸಿದ್ಧವಾಗಿಟ್ಟುಕೊಂಡಿರುತ್ತದೆ. ಹ್ಯಾಲಿಮೀಡಾ ಎಂಬ ಹಸಿರು ಕಳೆ ಹಾಗಲ್ಲ: ಅಂಗಾಂಶ ಜಜ್ಜಿಹೋದಾಗ, ಒಳಗಿದ್ದ ಹ್ಯಾಲಿಮೀಡಾಟೆಟ್ರಾಅಸಿಟೇಟ್ ಕ್ಷಣಗಳಲ್ಲಿ ಹೆಚ್ಚು ಖಾರವಾದ ಹ್ಯಾಲಿಮೀಡಾಟ್ರಯಲ್ ಆಗುತ್ತದೆ. ಆಸ್ಕೋಫಿಲಮ್ ಎಂಬ ಕಂದು ಕಳೆಯನ್ನು ಸಣ್ಣ ಬಸವನಹುಳುಗಳು ಮೇಯತೊಡಗಿದರೆ ಅದರಲ್ಲಿ ಫ್ಲೋರೋಟ್ಯಾನಿನ್ ಎಂಬ ರಕ್ಷಣಾ ರಾಸಾಯನಿಕ ಏರಲು ವಾರಗಳೇ ಬೇಕು. ಈ ಮೂರು ಬೇರೆ ಬೇರೆ ಲೆಕ್ಕಾಚಾರಗಳನ್ನು ‘ಬಂದೊಡನೆ’ ಎಂಬ ಒಂದೇ ಬುಟ್ಟಿಗೆ ಸುರಿದಿದ್ದೀರಿ.

ಇನ್ನು ನನ್ನನ್ನು ಎಲ್ಲಕ್ಕಿಂತ ಕೆಣಕಿದ್ದು “ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ” ಎಂಬ ಸಾಲು. ಪುಟಪುಟದಲ್ಲೂ ಅದು ಇದೆ, ಪ್ರಯೋಗ ಮಾತ್ರ ಎಲ್ಲೂ ಇಲ್ಲ. ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಇಂಥ ಸಾಲು ಕಂಡರೆ ಕನ್ನಡಕ ತೆಗೆದು, “ಮೇಜಿನ ಮೇಲೆ ಏನೇನಿತ್ತು, ಹೇಳು” ಎನ್ನುತ್ತಿದ್ದರು. ಉತ್ತರ ಸಿಗುವ ತನಕ ಪುಟ ಬಿಡುತ್ತಿರಲಿಲ್ಲ. ಅಚ್ಚಿನ ವಿಭಾಗದವರು ಬಂದು ಕೂಗಾಡಿದರೂ ಜಗ್ಗುತ್ತಿರಲಿಲ್ಲ. ಆಗ ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೇನೋ! ಈಗ ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತಿದ್ದೇನೆ, ಬೈದುಕೊಳ್ಳಿ.

ಮೇಜಿನ ಮೇಲೆ ಇದ್ದದ್ದು ಇಷ್ಟು. ಕಳೆಯನ್ನು ದ್ರಾವಕದಲ್ಲಿ ನೆನೆಸಿ ಸತ್ವ ತೆಗೆಯುತ್ತಾರೆ. ಪ್ರಾಣಿ ಇಷ್ಟಪಟ್ಟು ತಿನ್ನುವ ಬೇರೊಂದು ಕಳೆಯ ಪುಡಿಗೆ ಆ ಸತ್ವವನ್ನು, ಮೂಲ ಕಳೆಯಲ್ಲಿ ಇದ್ದಷ್ಟೇ ಪ್ರಮಾಣದಲ್ಲಿ, ಸೇರಿಸುತ್ತಾರೆ. ಆರಿದರೆ ಗಟ್ಟಿಯಾಗುವ ಅಗರ್ ಎಂಬ ಲೋಳೆಯನ್ನು ಕಾಯಿಸಿ, ಅದರಲ್ಲಿ ಕಲಸಿ, ಕಿಟಕಿಗೆ ಹಾಕುವಂಥ ಸಣ್ಣ ಕಣ್ಣಿನ ಜಾಲರಿಯ ಮೇಲೆ ಸವರುತ್ತಾರೆ. ಪಕ್ಕದಲ್ಲಿ ಸತ್ವ ಸೇರಿಸದ ಇನ್ನೊಂದು ತುಂಡು, ಉಳಿದೆಲ್ಲವೂ ಅದೇ. ಎರಡನ್ನೂ ಅರ್ಚಿನ್ ಮುಂದಿಟ್ಟು, ಯಾವುದರಲ್ಲಿ ಎಷ್ಟು ಕಣ್ಣು ಖಾಲಿಯಾಯಿತು ಎಂದು ಎಣಿಸುತ್ತಾರೆ. ಹ್ಯಾಲಿಮೀಡಾದಂಥ ಕಳೆಯಲ್ಲಿ ಸುಣ್ಣವೂ ಇರುತ್ತದೆ, ಗಡಸುತನವೂ ಇರುತ್ತದೆ. ಪ್ರಾಣಿಯನ್ನು ತಡೆದದ್ದು ಅದೋ, ರಾಸಾಯನಿಕವೋ ಎಂಬುದು ಹೀಗೆ ಬೇರ್ಪಡಿಸಿದಾಗಲೇ ತಿಳಿಯುವುದು. ಇದನ್ನು ಓದಿದ ಹತ್ತನೆಯ ತರಗತಿಯ ಹುಡುಗಿಯೂ ನಿಮ್ಮ ಮಾತನ್ನು ನಂಬುವ ಮುನ್ನ ತೂಗಿ ನೋಡಬಲ್ಲಳು.

ಹ್ಯಾಲಿಮೀಡಾ ಹೊಸ ತುಣುಕುಗಳನ್ನು ರಾತ್ರಿ ಬೆಳೆಸುತ್ತದೆ ಎಂಬುದನ್ನು ಕೊನೆಯ ಪುಟದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಓಡಿದ್ದೀರಿ. ಮೇಯುವ ಮೀನುಗಳು ಮಲಗಿರುವ ಹೊತ್ತು ಅದು. ಎಳೆಯ ತುಣುಕು ಮೆತ್ತಗೆ, ಬೆಳ್ಳಗೆ ಇರುತ್ತದೆ, ರಾಸಾಯನಿಕ ತುಂಬಿಕೊಂಡಿರುತ್ತದೆ, ಬೆಳಗಾಗುವ ಮುನ್ನ ಹಸಿರಾಗುತ್ತದೆ. ಲೇಖನವನ್ನು ಇಲ್ಲಿಂದಲೇ ಶುರುಮಾಡಿ.

ಡಯಾಟಮ್ ಎಂಬ ಏಕಕೋಶ ಪಾಚಿಗಳ ಭಾಗವನ್ನು ಪೂರ್ತಿ ತೆಗೆಯಿರಿ. ಅವುಗಳ ಆಲ್ಡಿಹೈಡ್ ಎಂಬ ರಾಸಾಯನಿಕಗಳ ಪೆಟ್ಟು ಬೀಳುವುದು ಅವುಗಳನ್ನು ಮೇಯುವ ಕೋಪೆಪಾಡ್ ಎಂಬ ಪುಟಾಣಿ ಕಠಿಣಚರ್ಮಿಗಿಂತ ಹೆಚ್ಚಾಗಿ ಅದರ ಮೊಟ್ಟೆಗಳ ಮೇಲೆ. ಅದು ಬೇರೆಯದೇ ಲೇಖನ. ಇದನ್ನು ತಿದ್ದಿ ಕಳುಹಿಸಿದ ಮೇಲೆ ಬರೆಯಿರಿ.